ಫೋಟೋ ಆರಿಸೋಕೆ ಲೊಕೇಶನ್ ಯಾಕೆ ಕೇಳುತ್ತೆ? ಕಾರಣ ಪತ್ತೆ ಮಾಡುವ ಕ್ರಮ

ನಮ್ಮ ಅತ್ತೆ ಮನೆಯ ಮದುವೆ ಫೋಟೋಗಳನ್ನು ಆಲ್ಬಂ ಮಾಡಿಸೋಣ ಅಂತ ಒಂದು ಆ್ಯಪ್ ಹಾಕಿಕೊಂಡಿದ್ದರು. "ಫೋಟೋ ಆರಿಸಿ" ಎಂಬಲ್ಲಿ ಒತ್ತಿದ್ದೇ ತಡ, ಲೊಕೇಶನ್ ಪರ್ಮಿಷನ್ ಕೊಡಿ ಅಂದಿತು. "ಫೋಟೋ ಇರೋದು ಫೋನಲ್ಲಿ, ಫೋನ್ ಇರೋದು ನನ್ನ ಕೈಯಲ್ಲಿ. ನಾನು ಅಡುಗೆಮನೇಲಿದ್ದೀನೋ ಅಂಗಳದಲ್ಲಿದ್ದೀನೋ, ಇದಕ್ಕೇನಂತೆ?" ಅಂತ ಅತ್ತೆ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಆ್ಯಪ್‌ನಿಂದ ಆ್ಯಪ್‌ಗೆ ಬೇರೆ. ಕೆಲವು ಸಲ ಕಾರಣ ಸರಿಯಾಗಿಯೇ ಇರುತ್ತದೆ, ಕೆಲವು ಸಲ ಬರೆದವರ ಸೋಮಾರಿತನ, ಕೆಲವು ಸಲ ದುರಾಸೆ. ಯಾವುದು ಯಾವುದೆಂದು ಕಂಡುಕೊಳ್ಳುವ ದಾರಿಯನ್ನು, ಕಾಸು ಖರ್ಚಿಲ್ಲದ ಪರೀಕ್ಷೆಯಿಂದ ಶುರುಮಾಡಿ, ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. "ಲೊಕೇಶನ್" ಎಂಬ ಒಂದೇ ಹೆಸರಿನಡಿ ಮೂರು ಸಂಗತಿಗಳು ಓಡಾಡುತ್ತವೆ. ಒಂದು, ಈ ಕ್ಷಣ ನಿಮ್ಮ ಫೋನ್ ಇರುವ ಜಾಗ. ಎರಡು, ಹಿಂದೆಂದೋ ತೆಗೆದ ಫೋಟೋದೊಳಗೆ ಬರೆದಿಟ್ಟ ಜಾಗ. ಫೋಟೋ ಫೈಲಿನ ಒಡಲಲ್ಲೇ ಎಕ್ಸಿಫ್ ಎಂಬ ಚಿಕ್ಕ ಚೀಟಿ ಇರುತ್ತದೆ, ತೆಗೆದ ದಿನಾಂಕ, ಸಮಯ, ಫೋನಿನ ಮಾಡೆಲ್ ಜೊತೆಗೆ ಅಕ್ಷಾಂಶ ರೇಖಾಂಶವೂ ಅದರಲ್ಲಿ ಕೂತಿರಬಹುದು. ಮೂರು, ಅಕ್ಕಪಕ್ಕದ ವೈಫೈ, ಬ್ಲೂಟೂತ್ ಸಾಧನಗಳ ಹುಡುಕಾಟ. ಈ ಮೂರನೆಯದಕ್ಕೂ ಆಂಡ್ರಾಯ್ಡ್ ಬಹಳ ವರ್ಷ ಲೊಕೇಶನ್ ಅಂತಲೇ ಹೆಸರು ಕೊಟ್ಟಿತ್ತು. ಗ್ಯಾಲರಿಯಲ್ಲಿರುವ ಚಿತ್ರವನ್ನು ತೆರೆದು ನೋಡುವುದಕ್ಕೆ ಈ ಮೂರರಲ್ಲಿ ಒಂದೂ ಬೇಕಿಲ್ಲ. ಆದ್ದರಿಂದ ಆ್ಯಪ್ ಕೇಳುತ್ತಿರುವುದು ಯಾವುದನ್ನು ಎಂದು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ.

ಲಕ್ಷಣ: ಫೋಟೋ ಆರಿಸಲು ಹೋದ ತಕ್ಷಣ ಲೊಕೇಶನ್ ಕಿಟಕಿ ಬರುತ್ತದೆ

ಒತ್ತುವ ಮೊದಲು ಓದಿ. ಹತ್ತರಲ್ಲಿ ಒಂಬತ್ತು ಜನ ಈ ಹೆಜ್ಜೆಯನ್ನೇ ಹಾರಿಸುತ್ತಾರೆ, ನಾನೂ ಹಾರಿಸಿದ್ದೇನೆ. ಆಂಡ್ರಾಯ್ಡ್ 12 ಮತ್ತು ಮೇಲಿನದರಲ್ಲಿ ಕಿಟಕಿಯ ಮೇಲ್ಭಾಗದಲ್ಲಿ ನಿಖರ, ಅಂದಾಜು ಎಂಬ ಎರಡು ಆಯ್ಕೆಗಳ ಚಿತ್ರ ಕಂಡರೆ, ಕೇಳುತ್ತಿರುವುದು ನೀವು ಈಗ ಇರುವ ಜಾಗ. "ಫೋಟೋ ಮತ್ತು ವಿಡಿಯೋ" ಎಂದಿದ್ದರೆ ಅದು ಗ್ಯಾಲರಿಯ ಪರ್ಮಿಷನ್. "ಹತ್ತಿರದ ಸಾಧನಗಳು" ಎಂದಿದ್ದರೆ ಬ್ಲೂಟೂತ್, ವೈಫೈ ವಿಚಾರ. ಐಫೋನಿನಲ್ಲಿ ಪುಟ್ಟ ನಕ್ಷೆ ಕಾಣಿಸಿಕೊಂಡರೆ ಅದು ಈಗಿನ ಜಾಗ. ನಕ್ಷೆಯ ಮೇಲೆ ಆ್ಯಪ್ ಮಾಡಿದವರು ತಾವೇ ಬರೆದ ಕಾರಣದ ಒಂದು ಸಾಲು ಇರುತ್ತದೆ. ಅದನ್ನು ಬರೆಯಲೇಬೇಕೆಂದು ಆ್ಯಪಲ್ ಕಟ್ಟುಮಾಡಿದೆ. "ನಿಮ್ಮ ಅನುಭವ ಉತ್ತಮಪಡಿಸಲು" ಎಂದಷ್ಟೇ ಗೀಚಿದ್ದರೆ ನಾನು ಅದನ್ನು ಕಾರಣ ಎಂದು ಎಣಿಸುವುದಿಲ್ಲ.

ಎರಡನೆಯ ಪರೀಕ್ಷೆ ಇನ್ನೂ ಸುಲಭ: ಬೇಡ ಅನ್ನಿ. ಆಮೇಲೆ ಏನು ಕೆಡುತ್ತದೆ ನೋಡಿ. ಬೇಡ ಅಂದರೂ ಗ್ಯಾಲರಿ ತೆರೆದು ಫೋಟೋ ಏರಿಸಲು ಬಂದರೆ, ಲೊಕೇಶನ್ ಬೇರೆ ಯಾವುದಕ್ಕೋ ಬೇಕಿತ್ತು ಎಂದಾಯಿತು: ಜಾಹೀರಾತಿಗೋ, "ಎಲ್ಲಿದ್ದೀರಿ" ಎಂದು ಪೋಸ್ಟಿಗೆ ಸೇರಿಸುವುದಕ್ಕೋ. ಅತ್ತೆಯ ಆಲ್ಬಂ ಆ್ಯಪ್‌ನಲ್ಲಿ ಆದದ್ದು ಇದೇ. ಬೇಡ ಅಂದೆವು, ಫೋಟೋಗಳು ಬಂದವು. ಪಾರ್ಸೆಲ್ ಕಳಿಸುವ ವಿಳಾಸವನ್ನು ನಕ್ಷೆಯಲ್ಲಿ ಗುರುತಿಸಲು ಅದು ಮುಂಚಿತವಾಗಿಯೇ ಎಲ್ಲ ಪರ್ಮಿಷನ್ನುಗಳನ್ನೂ ಒಟ್ಟಿಗೆ ಕೇಳಿಟ್ಟುಕೊಳ್ಳುತ್ತಿತ್ತು. ವಿಳಾಸವನ್ನು ಕೈಯಲ್ಲೇ ಬೆರಳಚ್ಚು ಮಾಡಿದೆವು, ಕೆಲಸ ಆಯಿತು.

ಬೇಡ ಅಂದಾಗ ಫೋಟೋ ಬಂದು, ಆದರೆ ನಕ್ಷೆಯ ಮೇಲೆ ಜೋಡಿಸುವ ಅಥವಾ ಊರಿನ ಪ್ರಕಾರ ವಿಂಗಡಿಸುವ ಭಾಗ ಮಾತ್ರ ಖಾಲಿಯಾದರೆ, ಆ್ಯಪ್‌ಗೆ ಬೇಕಿದ್ದದ್ದು ಫೋಟೋದೊಳಗಿನ ಜಾಗ. ಏನೂ ಬಾರದೆ ಆ್ಯಪ್ ಮುಚ್ಚಿಕೊಂಡರೆ ಕೊನೆಯ ಭಾಗಕ್ಕೆ ಹೋಗಿ.

ಈ ಗೊಂದಲಕ್ಕೆ ಒಂದು ಹಳೆಯ ಕಥೆಯೂ ಇದೆ. 2010ರ ಐಫೋನ್ ತಂತ್ರಾಂಶ ಐಒಎಸ್ 4ರಲ್ಲಿ ಫೋಟೋಗಳಿಗೆಂದೇ ಬೇರೆ ಪರ್ಮಿಷನ್ ಇರಲಿಲ್ಲ. ಆ್ಯಪೊಂದು ಇಡೀ ಫೋಟೋ ಸಂಗ್ರಹ ಓದಲು ಹೊರಟರೆ ಐಫೋನ್ ಲೊಕೇಶನ್ ಅನುಮತಿಯನ್ನೇ ಕೇಳುತ್ತಿತ್ತು. ತರ್ಕ ತಪ್ಪೇನಲ್ಲ: ನಿಮ್ಮ ಎರಡು ಸಾವಿರ ಫೋಟೋಗಳ ಚೀಟಿ ಓದಿದವನಿಗೆ ನೀವು ಎರಡು ವರ್ಷ ಎಲ್ಲೆಲ್ಲಿ ಓಡಾಡಿದಿರಿ ಎಂದು ಗೊತ್ತಾಗಿಯೇ ಆಗುತ್ತದೆ. ಆದರೆ ಜನ ಅದನ್ನು ಓದಿಕೊಂಡದ್ದು ತಿರುಗುಮುರುಗಾಗಿ. ನಕ್ಷೆಗೆ ತಾನೆ ಎಂದು ಹೂಂ ಅಂದವರು ಇಡೀ ಗ್ಯಾಲರಿಯ ಬೀಗವನ್ನೇ ಕೊಟ್ಟಿರುತ್ತಿದ್ದರು. 2012ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಬಯಲಿಗೆ ತಂದಿತು, ಅದೇ ಸೆಪ್ಟೆಂಬರಿನ ಐಒಎಸ್ 6ರಲ್ಲಿ ಫೋಟೋಗೆ ಪ್ರತ್ಯೇಕ ಅನುಮತಿ ಬಂತು. ಆಂಡ್ರಾಯ್ಡ್ ಕಡೆ ಉಲ್ಟಾ. ಸ್ಟೋರೇಜ್ ಅನುಮತಿ ಕೊಟ್ಟರೆ ಸಾಕು, ಫೋಟೋದೊಳಗಿನ ಜಾಗವೂ ಸದ್ದಿಲ್ಲದೆ ಹೋಗುತ್ತಿತ್ತು. 2019ರ ಆಂಡ್ರಾಯ್ಡ್ 10ರಲ್ಲಿ ಅದಕ್ಕೆ ಅಡ್ಡಗಟ್ಟೆ ಹಾಕಿದರು: ಆ್ಯಪ್ ವಿಶೇಷವಾಗಿ ಕೇಳಿ ಪಡೆಯದಿದ್ದರೆ, ಫೋಟೋ ಕೊಡುವಾಗ ಜಾಗದ ಸಾಲನ್ನು ಫೋನೇ ಅಳಿಸಿ ಕೊಡುತ್ತದೆ. ಈ ಅಳಿಸುವಿಕೆ ಮುಂದೆ ಇನ್ನೊಂದು ತಲೆನೋವಿಗೆ ಕಾರಣವಾಗುತ್ತದೆ, ಹೇಳುತ್ತೇನೆ.

ಐಒಎಸ್ 14 ಮತ್ತು ಆಂಡ್ರಾಯ್ಡ್ 13ರಿಂದೀಚೆಗೆ ಫೋಟೋ ಆರಿಸುವ ಪರದೆಯನ್ನು ಫೋನೇ ಒದಗಿಸುತ್ತದೆ. ಅದನ್ನು ಬಳಸುವ ಆ್ಯಪ್‌ಗೆ ಗ್ಯಾಲರಿ ಪರ್ಮಿಷನ್ ಕೂಡ ಬೇಡ. ನೀವು ಆರಿಸಿದ ನಾಲ್ಕು ಚಿತ್ರ ಮಾತ್ರ ಅದಕ್ಕೆ ಸಿಗುತ್ತದೆ. ಏನೂ ಕೇಳದೆ ಫೋಟೋ ತೆಗೆದುಕೊಳ್ಳುವ ಆ್ಯಪ್ ಕಂಡರೆ ಗಾಬರಿ ಬೇಡ, ಅದನ್ನು ಬರೆದವರು ಮರ್ಯಾದಸ್ಥರು.

ಲಕ್ಷಣ: ಬೇಡ ಅಂದಮೇಲೆ ಈಗ ಬಟನ್ ಒತ್ತಿದರೂ ಏನೂ ಆಗುತ್ತಿಲ್ಲ

ಆ್ಯಪ್ ಕೆಟ್ಟಿಲ್ಲ. ಆಂಡ್ರಾಯ್ಡ್ 11ರಿಂದ, ಒಂದೇ ಪರ್ಮಿಷನ್‌ಗೆ ಎರಡು ಸಲ ಬೇಡ ಅಂದರೆ ಫೋನ್ ಅದನ್ನು ಶಾಶ್ವತ ಬೇಡ ಎಂದು ಬಗೆಯುತ್ತದೆ, ಮತ್ತೆ ಕಿಟಕಿ ತೋರಿಸುವುದಿಲ್ಲ. ಐಫೋನಿನಲ್ಲಿ ಒಂದು ಸಲ ಅಂದರೂ ಅಷ್ಟೆ. ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್ ಪಟ್ಟಿಯಲ್ಲಿ ಅದನ್ನು ತೆರೆದು, ಪರ್ಮಿಷನ್ಸ್‌ನಲ್ಲಿ ಬದಲಿಸಿ. ಅಲ್ಲಿಗೆ ಹೋದಮೇಲೆ ಲೊಕೇಶನ್ನಿಗೆ "ಆ್ಯಪ್ ಬಳಸುವಾಗ ಮಾತ್ರ" ಅಥವಾ "ಪ್ರತಿ ಸಲ ಕೇಳು" ಇಡಿ. "ಸದಾಕಾಲ" ಎಂಬುದನ್ನು ಫೋಟೋ ಆ್ಯಪ್‌ಗೆ ಕೊಡುವ ಸಂದರ್ಭ ನನಗಂತೂ ಈವರೆಗೆ ಬಂದಿಲ್ಲ.

ಇದಕ್ಕಾಗಿ ಆ್ಯಪ್ ತೆಗೆದುಹಾಕಿ ಮತ್ತೆ ಹಾಕುವುದು, ಫೋನನ್ನೇ ಫ್ಯಾಕ್ಟರಿ ರೀಸೆಟ್ ಮಾಡಿಸುವುದು ಯಾವುದೂ ಬೇಡ. ಅಂಗಡಿಯಲ್ಲಿ ಯಾರಾದರೂ ರೀಸೆಟ್ ಎಂದರೆ ಫೋನ್ ವಾಪಸ್ ಇಸಿದುಕೊಂಡು ಬನ್ನಿ, ಫೋಟೋಗಳು ಹೋದರೆ ಆಲ್ಬಂ ಮಾಡಿಸುವುದಕ್ಕೇ ಏನೂ ಉಳಿಯುವುದಿಲ್ಲ.

ಲಕ್ಷಣ: ಫೋಟೋ ಪ್ರಿಂಟರ್, ಕ್ಯಾಮೆರಾ, ಡ್ರೋನ್ ಆ್ಯಪ್ ಲೊಕೇಶನ್ ಇಲ್ಲದೆ ಜೋಡಣೆಯೇ ಆಗುವುದಿಲ್ಲ

ಇದು ಹೆಚ್ಚಿನ ಮಟ್ಟಿಗೆ ನಿಜವಾದ ಕಾರಣ. ಸುತ್ತಲಿನ ವೈಫೈ ಮತ್ತು ಬ್ಲೂಟೂತ್ ಹೆಸರುಗಳ ಪಟ್ಟಿ ಸಿಕ್ಕರೆ ಜಿಪಿಎಸ್ ಇಲ್ಲದೆಯೇ ನೀವಿರುವ ಜಾಗ ಹೇಳಬಹುದು, ಹಾಗಾಗಿ ಆಂಡ್ರಾಯ್ಡ್ 6ರಿಂದ 11ರವರೆಗೆ ಬ್ಲೂಟೂತ್ ಹುಡುಕಾಟಕ್ಕೂ ಲೊಕೇಶನ್ ಅನುಮತಿಯೇ ಬೇಕಿತ್ತು. ಆಂಡ್ರಾಯ್ಡ್ 12ರಲ್ಲಿ ಬ್ಲೂಟೂತ್‌ಗೂ 13ರಲ್ಲಿ ವೈಫೈಗೂ "ಹತ್ತಿರದ ಸಾಧನಗಳು" ಎಂಬ ಬೇರೆ ಬಾಗಿಲು ಮಾಡಿಕೊಟ್ಟರು. ನಿಮ್ಮ ಫೋನ್ ಹಳೆಯದಾದರೆ ಆ್ಯಪ್ ಕೇಳುವುದು ಸರಿ. ಫೋನ್ ಹೊಸದು, ಆ್ಯಪ್ ಹಳೆಯದು ಎಂದಾದರೆ ಮೊದಲು ಅಪ್‌ಡೇಟ್ ಮಾಡಿ ನೋಡಿ. ಆಗಲೂ ಕೇಳಿದರೆ "ಈ ಸಲ ಮಾತ್ರ" ಎಂದು ಕೊಟ್ಟು, ಮೇಲಿನಿಂದ ಎಳೆಯುವ ಪಟ್ಟಿಯಲ್ಲಿ ಲೊಕೇಶನ್ ಸ್ವಿಚ್ ಹಾಕಿ, ಜೋಡಣೆ ಮಾಡಿ, ಆಮೇಲೆ ಸ್ವಿಚ್ ಆಫ್ ಮಾಡಿ. ಪರ್ಮಿಷನ್ ಕೊಟ್ಟು ಸ್ವಿಚ್ ಹಾಕದೆ, ಪ್ರಿಂಟರ್ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತವರಿದ್ದಾರೆ.

ಲಕ್ಷಣ: ಫೋಟೋ ಏರುತ್ತದೆ, ಆದರೆ "ಲೊಕೇಶನ್ ಇಲ್ಲ" ಎಂದು ತಿರಸ್ಕಾರವಾಗುತ್ತದೆ

ಹಳ್ಳಿಗಳಲ್ಲಿ ಈಗ ಹೆಚ್ಚು ಕೇಳುವ ದೂರು ಇದು. ಕರ್ನಾಟಕದ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ರೈತರೇ ಹೊಲಕ್ಕೆ ಹೋಗಿ ಬೆಳೆಯ ಫೋಟೋ ಹಿಡಿಯಬೇಕು. ಉದ್ಯೋಗ ಖಾತ್ರಿ ಕೆಲಸದ ಹಾಜರಿಗೆ ಎನ್‌ಎಂಎಂಎಸ್ ಆ್ಯಪ್‌ನಲ್ಲಿ ದಿನಕ್ಕೆರಡು ಸಲ ಜಾಗದ ಗುರುತಿರುವ ಫೋಟೋ ಹಾಕುವುದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ಗ್ರಾಮೀಣ ಆವಾಸ್ ಮನೆಗಳಿಗೂ ಹಂತಹಂತದ ಫೋಟೋ ಜಾಗದ ಸಮೇತ ಬೇಕು. ಇಂಥ ಕಡೆ ಲೊಕೇಶನ್ ಕೇಳುವುದು ಕುತೂಹಲಕ್ಕಲ್ಲ, ಫೋಟೋ ಆ ಜಾಗದ್ದೇ ಎಂಬ ಸಾಕ್ಷಿಗೆ. ಇಲ್ಲಿ "ಬೇಡ" ಅಂದರೆ ಕೆಲಸ ನಿಲ್ಲುತ್ತದೆ.

ಫೋಟೋ ಎಲ್ಲಿಂದ ಬಂತು ಎಂದು ಮೊದಲು ಕೇಳಿಕೊಳ್ಳಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದದ್ದಾದರೆ ಅದರ ಚೀಟಿ ದಾರಿಯಲ್ಲೇ ಕಿತ್ತುಹೋಗಿದೆ, ಏನು ಮಾಡಿದರೂ ಜಾಗ ಮರಳಿ ಬರದು. ಕಳಿಸಿದವರಿಂದ ಡಾಕ್ಯುಮೆಂಟ್ ಆಗಿ ಮತ್ತೆ ತರಿಸಿಕೊಳ್ಳಿ, ಆಗ ಮೂಲ ಫೈಲ್ ಹಾಗೇ ಬರುತ್ತದೆ. ಸ್ಕ್ರೀನ್‌ಶಾಟ್‌ನಲ್ಲೂ ಮೂಲ ಫೋಟೋದ ಚೀಟಿ ಇರುವುದಿಲ್ಲ.

ನಿಮ್ಮ ಫೋನಿನಲ್ಲೇ ತೆಗೆದದ್ದಾದರೆ ಗ್ಯಾಲರಿಯಲ್ಲಿ ಆ ಫೋಟೋ ತೆರೆದು ವಿವರ ನೋಡಿ. ಗೂಗಲ್ ಫೋಟೋಸ್‌ನಲ್ಲಿ ಮೇಲಕ್ಕೆ ಸರಿಸಿದರೆ, ಐಫೋನಿನಲ್ಲಿ ಕೆಳಗಿನ ಐ ಗುರುತು ಒತ್ತಿದರೆ ಸಿಗುತ್ತದೆ. ನಕ್ಷೆಯೇ ಇಲ್ಲವೆಂದರೆ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಟ್ಯಾಗ್ ಆಫ್ ಆಗಿರಬಹುದು. ಅದನ್ನು ಹಾಕಿ ಹೊಸದಾಗಿ ತೆಗೆಯಬೇಕು, ಹಳೆಯದಕ್ಕೆ ಅಂಟಿಕೊಳ್ಳದು. ನಕ್ಷೆ ಇದೆ, ಆದರೆ ಪೋರ್ಟಲ್ ಇಲ್ಲ ಅನ್ನುತ್ತದೆ ಎಂದರೆ, ಆಗಲೇ ಹೇಳಿದ ಆಂಡ್ರಾಯ್ಡ್ ಅಳಿಸುವಿಕೆಯ ಮೇಲೆ ಅನುಮಾನ ಪಡಿ: ಗ್ಯಾಲರಿಗೆ ಕಾಣುವ ಜಾಗ, ಬ್ರೌಸರ್ ಮೂಲಕ ಏರಿಸುವಾಗ ಮಾಯವಾಗಿರುತ್ತದೆ. ಕೇಬಲ್ ಹಾಕಿ ಕಂಪ್ಯೂಟರಿಗೆ ನಕಲು ಮಾಡಿ ಅಲ್ಲಿಂದ ಏರಿಸುವುದು ನಾನು ಕಂಡ ನೆಟ್ಟಗಿನ ದಾರಿ.

ಆ್ಯಪ್‌ನೊಳಗಿನ ಕ್ಯಾಮೆರಾದಲ್ಲೇ ತೆಗೆಯುವಾಗ ಕತೆ ಬೇರೆ. ಅಲ್ಲಿ ಆ್ಯಪ್ ಫೋಟೋದ ಚೀಟಿಯನ್ನು ನೆಚ್ಚುವುದಿಲ್ಲ, ಆ ಗಳಿಗೆಯ ಜಾಗವನ್ನು ಫೋನಿನಿಂದ ತಾನೇ ಪಡೆದು ಫೋಟೋಗೆ ಗಂಟುಹಾಕುತ್ತದೆ. ಹೀಗಾಗಿ ಪರೀಕ್ಷೆಗಳೂ ಬೇರೆ. ಲೊಕೇಶನ್ ಸ್ವಿಚ್ ಆನ್ ಇದೆಯೇ, ಬ್ಯಾಟರಿ ಸೇವರ್ ಆಫ್ ಇದೆಯೇ ನೋಡಿ. ಆಮೇಲೆ ಪರ್ಮಿಷನ್‌ನಲ್ಲಿ "ನಿಖರ" ಎಂಬುದು ಹಾಕಿದೆಯೇ ನೋಡಿ. ಆಂಡ್ರಾಯ್ಡ್‌ನಲ್ಲಿ "ಅಂದಾಜು" ಎಂದರೆ ಸುಮಾರು 3 ಚದರ ಕಿಲೋಮೀಟರ್ ಲೆಕ್ಕ. ನಿಮ್ಮ ಒಂದೆಕರೆ ರಾಗಿ ಹೊಲ ಅದರಲ್ಲಿ ಎಲ್ಲಿ ಬೇಕಾದರೂ ಇರಬಹುದು, ಪಕ್ಕದೂರಿನ ಕೆರೆಯೊಳಗೂ!

ಅದೂ ಸರಿ ಇದ್ದರೆ ಆಕಾಶ ನೋಡಿ. ಬಯಲಿನಲ್ಲಿ ಫೋನಿನ ಜಿಪಿಎಸ್ ಸಾಮಾನ್ಯವಾಗಿ ಸುಮಾರು 5 ಮೀಟರ್ ಒಳಗೆ ಜಾಗ ಹೇಳುತ್ತದೆ. ಮಲೆನಾಡಿನ ಅಡಿಕೆ ತೋಟದ ನಡುವೆ, ಗುಡ್ಡದ ಮಗ್ಗುಲಲ್ಲಿ, ಹಂಚಿನ ಮನೆಯ ಒಳಗೆ ಅದೇ ಫೋನ್ ತಡವರಿಸುತ್ತದೆ. ಮ್ಯಾಪ್ ತೆರೆದು ನೀಲಿ ಚುಕ್ಕಿಯ ಸುತ್ತಲಿನ ವೃತ್ತ ಕಿರಿದಾಗುವವರೆಗೆ ಕಾಯಿರಿ. ನೆಟ್‌ವರ್ಕ್ ಇದ್ದಾಗ ಉಪಗ್ರಹಗಳ ಪಂಚಾಂಗ (ಯಾವ ಉಪಗ್ರಹ ಎಲ್ಲಿದೆ ಎಂಬ ಪಟ್ಟಿ) ಇಂಟರ್ನೆಟ್‌ನಿಂದಲೇ ಬೇಗ ಬಂದುಬಿಡುತ್ತದೆ. ನೆಟ್ ಇಲ್ಲದಿದ್ದರೆ ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು. ಒಂದು ಉಪಗ್ರಹ ತನ್ನ ಪಥದ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ, ಎಲ್ಲ ಉಪಗ್ರಹಗಳ ಪೂರ್ತಿ ಪಟ್ಟಿ ಹೇಳಿ ಮುಗಿಸಲು 12.5 ನಿಮಿಷ. ನೆಟ್ ಇಲ್ಲದ ಹೊಲಕ್ಕೆ ಹೋಗುವವರು ರಸ್ತೆಯಲ್ಲಿರುವಾಗಲೇ ಮ್ಯಾಪ್ ತೆರೆದಿಟ್ಟುಕೊಂಡರೆ ಬದುವಿನ ಮೇಲೆ ನಿಂತು ಒಣಗುವುದು ತಪ್ಪುತ್ತದೆ.

ಇಷ್ಟಾದರೂ ಆಗದಿದ್ದರೆ ಡೆವಲಪರ್ ಆಪ್ಷನ್ಸ್‌ನಲ್ಲಿ ಮಾಕ್ ಲೊಕೇಶನ್ (ಸುಳ್ಳು ಜಾಗ ತೋರಿಸುವ ಆಯ್ಕೆ) ಯಾರಾದರೂ ಹಾಕಿಟ್ಟಿದ್ದಾರೆಯೇ ನೋಡಿ, ಮಕ್ಕಳು ಆಟಕ್ಕೆಂದು ಹಾಕಿರುತ್ತಾರೆ. ಹಾಗೆಯೇ ದಿನಾಂಕ ಸಮಯ ತಾನಾಗಿ ಹೊಂದಿಕೊಳ್ಳುವಂತಿರಲಿ. ಸುಳ್ಳು ಜಿಪಿಎಸ್ ಆ್ಯಪ್ ಹಾಕಿ ದಾಟಿಸಿಬಿಡೋಣ ಎಂಬ ಸಲಹೆ ಕೊಡುವವರು ಇದ್ದೇ ಇರುತ್ತಾರೆ. ಅದು ಸರ್ಕಾರಿ ದಾಖಲೆಯಲ್ಲಿ ಸುಳ್ಳು ಬರೆದಂತೆ, ಮುಂದೆ ಪರಿಹಾರ ಬರುವಾಗ ನಿಮ್ಮ ಕೊರಳಿಗೇ ಬರುತ್ತದೆ. ಅದರ ಬದಲು ರೈತ ಸಂಪರ್ಕ ಕೇಂದ್ರಕ್ಕೋ ಪಂಚಾಯಿತಿಗೋ ಹೋಗಿ, ತಿರಸ್ಕಾರದ ಪರದೆಯ ಸ್ಕ್ರೀನ್‌ಶಾಟ್ ತೋರಿಸಿ.

ಲಕ್ಷಣ: ಲೊಕೇಶನ್ ಕೊಟ್ಟೇ ಇಲ್ಲ, ಆದರೂ ಆ್ಯಪ್‌ಗೆ ನನ್ನ ಊರು ಗೊತ್ತು

ಫೋಟೋಗಳ ಚೀಟಿ ಓದಿರಬಹುದು. ಇಂಟರ್ನೆಟ್ ವಿಳಾಸದಿಂದ ಊರನ್ನು ಊಹಿಸಿರಲೂಬಹುದು, ಅದು ನಗರದ ಮಟ್ಟಕ್ಕೆ ನಿಲ್ಲುತ್ತದೆ. ಬೀದಿಯ ಮಟ್ಟಕ್ಕೆ ತಿಳಿದಿದ್ದರೆ ಫೋಟೋ ಮೇಲೆ ಅನುಮಾನ ಪಡಿ. ಅಕ್ಷಾಂಶದಲ್ಲಿ ದಶಮಾಂಶದ ನಂತರ ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರ್, ಐದಿದ್ದರೆ ಸುಮಾರು 1 ಮೀಟರ್. ಮಗುವಿನ ಹುಟ್ಟುಹಬ್ಬದ ಒಂದು ಫೋಟೋ ನಿಮ್ಮ ಮನೆಯ ಬಾಗಿಲನ್ನೇ ತೋರಿಸುತ್ತದೆ ಎಂದರ್ಥ. 2012ರ ಡಿಸೆಂಬರಿನಲ್ಲಿ ಪೊಲೀಸರಿಂದ ತಲೆಮರೆಸಿಕೊಂಡಿದ್ದ ಜಾನ್ ಮೆಕಾಫಿ ಗ್ವಾಟೆಮಾಲಾದಲ್ಲಿ ಇದ್ದಾನೆಂದು ಜಗತ್ತಿಗೆ ಗೊತ್ತಾದದ್ದು ವೈಸ್ ಪತ್ರಿಕೆ ಪ್ರಕಟಿಸಿದ ಫೋಟೋದ ಇಂಥದ್ದೇ ಚೀಟಿಯಿಂದ. ಆಂಟಿವೈರಸ್ ಮಾಡಿದ ಮನುಷ್ಯನೇ ಸಿಕ್ಕಿಬಿದ್ದ.

ಐಫೋನಿನಲ್ಲಿ ಷೇರ್ ಪರದೆಯ ಮೇಲ್ಭಾಗದ ಆಪ್ಷನ್ಸ್ ಒತ್ತಿ ಲೊಕೇಶನ್ ಆಫ್ ಮಾಡಿ ಕಳಿಸಬಹುದು, 2019ರ ಐಒಎಸ್ 13ರಿಂದ ಇದೆ. ಆಂಡ್ರಾಯ್ಡ್‌ನಲ್ಲಿ ಇಡೀ ಗ್ಯಾಲರಿಯ ಬದಲು ಆಯ್ದ ಫೋಟೋಗಳನ್ನಷ್ಟೇ ಕೊಡುವ ಆಯ್ಕೆ 14ನೇ ಆವೃತ್ತಿಯಿಂದ ಸಿಗುತ್ತದೆ. ಆ್ಯಪ್ ಈಗಿನ ಜಾಗವನ್ನೂ ಕದ್ದು ನೋಡುತ್ತಿದೆಯೇ ಎಂದು ತಿಳಿಯಲು ಆಂಡ್ರಾಯ್ಡ್ 12ರ ಮೇಲೆ ಪ್ರೈವೆಸಿ ಡ್ಯಾಶ್‌ಬೋರ್ಡ್ ನೋಡಿ. ಐಫೋನಿನ ಲೊಕೇಶನ್ ಪಟ್ಟಿಯಲ್ಲಿ ನೇರಳೆ ಬಾಣ ಈಚೆಗೆ ಬಳಸಿದ್ದಕ್ಕೆ, ಬೂದು ಬಾಣ ಕಳೆದ 24 ಗಂಟೆಯಲ್ಲಿ ಬಳಸಿದ್ದಕ್ಕೆ.

ಲಕ್ಷಣ: ಎಲ್ಲ ಪರ್ಮಿಷನ್ ಕೊಡದಿದ್ದರೆ ಆ್ಯಪ್ ತೆರೆಯುವುದೇ ಇಲ್ಲ

ಇಲ್ಲಿ ಪರೀಕ್ಷೆ ನಿಲ್ಲಿಸಿ. ಫೋಟೋಗೆ ಚೌಕಟ್ಟು ಹಾಕುವ ಆ್ಯಪ್ ಲೊಕೇಶನ್, ಕಾಂಟ್ಯಾಕ್ಟ್ಸ್, ಗ್ಯಾಲರಿ ಮೂರೂ ಇಲ್ಲದೆ ಒಳಗೆ ಬಿಡುವುದಿಲ್ಲವೆಂದರೆ ಅದಕ್ಕೆ ಚೌಕಟ್ಟಿನ ಚಿಂತೆ ಇಲ್ಲ. ತೆಗೆದುಹಾಕಿ, ಬೇರೆಯದು ಹುಡುಕಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೇ ಒಂದು ಉದಾಹರಣೆ ಇದೆ: ದೂರವೈದ್ಯ ಆ್ಯಪೊಂದು ಚಿಕಿತ್ಸೆಗೂ ಕಾಂಟ್ಯಾಕ್ಟ್ಸ್‌ಗೂ ಒಪ್ಪಿಗೆ ಕೇಳಿತು, ಬಳಕೆದಾರೆ ಎರಡಕ್ಕೂ ಹೂಂ ಅಂದಳು, ಆದರೂ ಚಿಕಿತ್ಸೆಗೆ ಕಾಂಟ್ಯಾಕ್ಟ್ಸ್ ಬೇಕಿಲ್ಲದ ಕಾರಣ ಒಪ್ಪಿಗೆ ಚಿಕಿತ್ಸೆಯಷ್ಟಕ್ಕೇ ಸೀಮಿತ.

ಸಾಲದ ಆ್ಯಪ್ ಆದರೆ ಇನ್ನೂ ಹುಷಾರು. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ಮೊದಲು ತಂದ ನಿಯಮದಂತೆ, ಡಿಜಿಟಲ್ ಸಾಲದ ಆ್ಯಪ್‌ಗಳು ಫೋನಿನ ಫೈಲ್, ಫೋಟೋ, ಕಾಂಟ್ಯಾಕ್ಟ್ಸ್, ಕರೆಗಳ ಪಟ್ಟಿಗೆ ಕೈಹಾಕುವಂತಿಲ್ಲ. ಕೆವೈಸಿಗಾಗಿ ಕ್ಯಾಮೆರಾ, ಮೈಕ್, ಲೊಕೇಶನ್ ಇಂಥವನ್ನು ನಿಮ್ಮ ಒಪ್ಪಿಗೆ ಪಡೆದು ಒಂದೇ ಒಂದು ಸಲ ಬಳಸಬಹುದು. ಗೂಗಲ್ ಪ್ಲೇ ಕೂಡ 2023ರ ಮೇ 31ರಿಂದ ಸಾಲದ ಆ್ಯಪ್‌ಗಳಿಗೆ ಫೋಟೋ, ಕಾಂಟ್ಯಾಕ್ಟ್ಸ್, ನಿಖರ ಲೊಕೇಶನ್ ನಿಷೇಧಿಸಿದೆ. ಲಿಂಕ್ ಕಳಿಸಿ ನೇರ ಫೈಲ್ ಇಳಿಸಿಕೊಳ್ಳಿ ಅನ್ನುವ ಆ್ಯಪ್‌ಗಳು ಈ ಬೇಲಿಯ ಹೊರಗಿನವು.

ಆಗಲೇ ಕೊಟ್ಟುಬಿಟ್ಟಿದ್ದೀರಿ, ಈಗ ನಿಮ್ಮ ಫೋಟೋ ತಿರುಚಿ ಬಂಧುಗಳಿಗೆ ಕಳಿಸುತ್ತೇವೆ ಎಂದು ಬೆದರಿಸುತ್ತಿದ್ದಾರೆ ಎಂದಾದರೆ, ಆ್ಯಪ್ ತೆಗೆಯುವ ಮುನ್ನ ಸಂದೇಶಗಳು, ಕರೆ ಬಂದ ನಂಬರುಗಳು, ಹಣ ಹೋದ ಯುಪಿಐ ವಿವರ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಫೋನಿಗೆ ಕಳಿಸಿಡಿ. ಪರ್ಮಿಷನ್ ಹಿಂತೆಗೆದರೆ ಮುಂದಿನದು ನಿಲ್ಲುತ್ತದೆ, ಆಗಲೇ ಅವರ ಸರ್ವರಿಗೆ ಹೋದದ್ದು ವಾಪಸ್ ಬರುವುದಿಲ್ಲ. ಮತ್ತೆ ಹಣ ಕಟ್ಟಬೇಡಿ. 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಜಿಲ್ಲೆಯ ಸೈಬರ್ ಅಪರಾಧಗಳ (ಸೆನ್) ಪೊಲೀಸ್ ಠಾಣೆಗೆ ಆ ಸ್ಕ್ರೀನ್‌ಶಾಟ್‌ಗಳ ಸಮೇತ ಹೋಗಿ. ಮನೆಯಲ್ಲಿ ಒಬ್ಬರಿಗಾದರೂ ಅವತ್ತೇ ಹೇಳಿಬಿಡಿ. ಬಂಧುಗಳಿಗೆ ಮೊದಲು ನಿಮ್ಮಿಂದಲೇ ಸುದ್ದಿ ತಿಳಿದರೆ ಅವರ ಬೆದರಿಕೆಗೆ ಉಳಿಯುವ ಬಲ ಅಷ್ಟಕ್ಕಷ್ಟೇ.